ಬಲ್ಬ್ ಆರಿಸಿದ್ದಾಯಿತು, ಬಿಸಿನೀರಿನ ಲೆಕ್ಕ ಹಾಕುವವರು ಯಾರು?

ಖಾಲಿ ಕೋಣೆಯಲ್ಲಿ ಬಲ್ಬ್ ಉರಿಯುತ್ತಿದ್ದರೆ ಮನೆಯಲ್ಲಿ ಯಾರಾದರೊಬ್ಬರು ಗದರುತ್ತಾರೆ. ಅದೇ ಹೊತ್ತಿಗೆ ಬಚ್ಚಲಲ್ಲಿ ಗೀಸರ್ ಸುಮ್ಮನೆ ನೀರು ಕಾಯಿಸುತ್ತಿದ್ದರೆ ಯಾರೂ ಉಸಿರೆತ್ತುವುದಿಲ್ಲ. ಬೆಳಕು ಕಣ್ಣಿಗೆ ಕಾಣುತ್ತದೆ, ಶಾಖ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಬೆಲೆ ಏರಿದಾಗ ನಾವು ಮಾಡುವ ಉಳಿತಾಯದ ಬಹುಪಾಲು ಹೀಗೆ ಕಣ್ಣಿಗೆ ಬಿದ್ದ ಖರ್ಚಿನ ಮೇಲೆಯೇ ನಡೆಯುತ್ತದೆ. ಹಣ ಹೋಗುವುದು ಮಾತ್ರ ಕಾಣದ ದಾರಿಗಳಲ್ಲಿ: ಬಿಸಿ ಮಾಡುವುದರಲ್ಲಿ, ತಣ್ಣಗೆ ಮಾಡುವುದರಲ್ಲಿ, ಕೊಂಡು ಎಸೆದದ್ದರಲ್ಲಿ, ಪೊಟ್ಟಣದೊಳಗೆ ಕಡಿಮೆಯಾದ ತೂಕದಲ್ಲಿ, ಬಡ್ಡಿಯಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸರಿಯೇ. ಆದರೆ ಹಾಸಿಗೆ ಯಾವ ಬದಿಯಲ್ಲಿ ಕಿರಿದಾಗಿದೆ ಎಂದು ನೋಡದೆ ಕಾಲು ಮಡಿಸಿಕೊಂಡರೆ ಕಷ್ಟಪಟ್ಟದ್ದೇ ಬಂತು.

ಬೆಲೆ ಏರಿಕೆ ಎಲ್ಲರಿಗೂ ಒಂದೇ ಅಲ್ಲ

ಹಣದುಬ್ಬರ ಶೇ 8ರಿಂದ ಶೇ 4ಕ್ಕೆ ಇಳಿಯಿತು ಎಂಬ ಸುದ್ದಿ ಓದಿ ಅಂಗಡಿಗೆ ಹೋದವರು 'ಎಲ್ಲಿ ಇಳಿದಿದೆ?' ಎಂದು ಕೇಳುತ್ತಾರೆ. ಇಳಿದದ್ದು ಬೆಲೆಯಲ್ಲ, ಬೆಲೆ ಏರುವ ವೇಗ. ಮೊದಲು 100 ಇದ್ದದ್ದು ಹೋದ ವರ್ಷ 108 ಆಗಿತ್ತು, ಈ ವರ್ಷ 112 ದಾಟುತ್ತದೆ. ಹಳೆಯ ಏರಿಕೆ ಎಲ್ಲಿಗೂ ಹೋಗುವುದಿಲ್ಲ, ಅದರ ಮೇಲೆ ಹೊಸದು ಕೂರುತ್ತದೆ.

ಸುದ್ದಿಯಲ್ಲಿ ಬರುವ ಅಂಕಿ ಸರಾಸರಿಯದು ಎನ್ನುವುದೂ ನೆನಪಿರಬೇಕು. ಒಂದು ಮನೆಯ ಖರ್ಚು 100 ಎಂದಿಟ್ಟುಕೊಳ್ಳಿ, ಅದರಲ್ಲಿ 50 ಆಹಾರಕ್ಕೆ ಹೋಗುತ್ತದೆ. ಆಹಾರದ ಬೆಲೆ ಶೇ 10, ಉಳಿದವುಗಳದ್ದು ಶೇ 2 ಏರಿದರೆ ಆ ಮನೆಯ ಖರ್ಚು ಶೇ 6 ಏರುತ್ತದೆ. ಆಹಾರಕ್ಕೆ 20 ಮಾತ್ರ ಖರ್ಚು ಮಾಡುವ ಪಕ್ಕದ ಮನೆಗೆ ಅದೇ ವರ್ಷದ ಏರಿಕೆ ಶೇ 3.6. ಆದಾಯ ಹೆಚ್ಚಿದಂತೆ ಆಹಾರಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಗುರುತಿಸಿದ್ದರು. ಆಹಾರ ದುಬಾರಿಯಾದಾಗ ಕಡಿಮೆ ಆದಾಯದ ಮನೆಗೆ ಪೆಟ್ಟು ಜೋರಾಗಿ ಬೀಳುವುದು ಇದಕ್ಕೇ.

ಹಾಗಾಗಿ ಬೇರೆಯವರ ಉಳಿತಾಯದ ಪಟ್ಟಿ ನಿಮಗೆ ಹೊಂದಲೇಬೇಕೆಂದಿಲ್ಲ. ಬ್ಯಾಂಕ್ ಖಾತೆಯ ಹಿಂದಿನ ಮೂರು ತಿಂಗಳ ವಿವರ ತೆಗೆದು, ದೊಡ್ಡ ಮೊತ್ತ ಹೋದ ನಾಲ್ಕೈದು ಬಾಬತ್ತುಗಳನ್ನು ಮಾತ್ರ ಗುರುತು ಹಾಕಿ. ಚಿಲ್ಲರೆ ಖರ್ಚನ್ನೆಲ್ಲ ದಿನವೂ ಬರೆದಿಡಿ ಎಂಬ ಸಲಹೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಎರಡು ವಾರ ಬರೆದು ಕೈಬಿಡುವವರೇ ಹೆಚ್ಚು, ಬರೆದ ಖುಷಿಯಲ್ಲಿ ದೊಡ್ಡದನ್ನು ನೋಡುವುದೂ ತಪ್ಪಿಹೋಗುತ್ತದೆ.

ಶಾಖದ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಈ ಎರಡು ಅಂಕಿ ಕೈಯಲ್ಲಿದ್ದರೆ ವಿದ್ಯುತ್ ಬಿಲ್ಲಿನ ಗುಟ್ಟು ಅರ್ಧ ಬಯಲಾದಂತೆಯೇ.

ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು 1,680 ಕಿಲೋಜೂಲ್ ಬೇಕು. ಅಂದರೆ ಅರ್ಧ ಯೂನಿಟ್‌ಗೆ ತುಸು ಕಡಿಮೆ. ಅಷ್ಟು ವಿದ್ಯುತ್ತಿನಲ್ಲಿ 9 ವಾಟ್‌ನ ಒಂದು ಎಲ್‌ಇಡಿ ಬಲ್ಬ್ 50 ಗಂಟೆಗೂ ಹೆಚ್ಚು ಉರಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಹಿಡಿದರೂ ತಿಂಗಳಿಗೆ ಸ್ನಾನಕ್ಕೆ 56 ಯೂನಿಟ್. ಅದೇ ಮನೆಯಲ್ಲಿ ಐದು ಎಲ್‌ಇಡಿ ಬಲ್ಬ್‌ಗಳು ದಿನಕ್ಕೆ ಐದೈದು ಗಂಟೆ ಉರಿದರೆ ತಿಂಗಳಿಗೆ 7 ಯೂನಿಟ್ ಕೂಡ ಆಗುವುದಿಲ್ಲ. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರ್ ಕೆಳಗೆ ಎಂಟು ನಿಮಿಷ ನಿಂತರೆ ನಾಲ್ಕು ಬಕೆಟ್ ಖಾಲಿ. ನಿಮಿಷಕ್ಕೆ 6 ಲೀಟರ್ ಬಿಡುವ ಶವರ್ ತಲೆ ಹಾಕಿಸಿದರೆ ಸ್ನಾನದ ಹೊತ್ತು ಕಡಿಮೆ ಮಾಡದೆಯೇ ನೀರೂ ಶಾಖವೂ ಶೇ 40ರಷ್ಟು ಉಳಿಯುತ್ತವೆ. ನನ್ನನ್ನು ಕೇಳಿದರೆ, ಒಮ್ಮೆ ಮಾಡಿ ಮರೆತುಬಿಡಬಹುದಾದ ಇಂಥ ಕೆಲಸಕ್ಕೆ ದಿನವೂ ಶಿಸ್ತು ಬೇಡುವ ಹತ್ತು ನಿಯಮಗಳು ಸಮವಲ್ಲ.

ಫೋನ್ ಚಾರ್ಜ್ ಮಾಡುವುದರ ಬಗ್ಗೆ ಚಿಂತೆ ಮಾಡುವವರಿಗೆ ಒಂದು ಮಾತು: ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ಒಂದು ಸ್ಮಾರ್ಟ್‌ಫೋನ್ ವರ್ಷಕ್ಕೆ ತಿನ್ನುವುದು ಆರೇಳು ಯೂನಿಟ್ ಅಷ್ಟೇ. ಒಬ್ಬರ ಎರಡು ವಾರದ ಬಿಸಿನೀರಿಗೆ ಅದು ಸಮ.

ಒಲೆಯ ಮುಂದೆಯೂ ಇದೇ ಭೌತಶಾಸ್ತ್ರ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 315 ಕಿಲೋಜೂಲ್ ಸಾಕು. ಅದೇ ಒಂದು ಲೀಟರ್ ಕುದಿದು ಆವಿಯಾಗಿ ಹೋಗಲು ಸುಮಾರು 2,257 ಕಿಲೋಜೂಲ್ ಬೇಕು, ಏಳು ಪಟ್ಟಿಗೂ ಮಿಕ್ಕಿ. ಇಲ್ಲಿ ಗಮನಿಸಬೇಕಾದದ್ದು, ಕುದಿಯುವ ನೀರು ಎಷ್ಟು ಜೋರು ಉರಿ ಕೊಟ್ಟರೂ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೊತಕೊತ ಕುದಿಯುವ ಪಾತ್ರೆಯಲ್ಲಿ ಕಾಳು ಬೇಗ ಬೇಯುವುದಿಲ್ಲ, ಆವಿ ಹೆಚ್ಚು ಹೋಗುತ್ತದೆ ಅಷ್ಟೇ. ಕುದಿ ಬಂದ ಮೇಲೆ ಉರಿ ಇಳಿಸಿ ಮುಚ್ಚಳ ಮುಚ್ಚಿದರೆ ಬೇಯುವ ಹೊತ್ತು ಬದಲಾಗುವುದಿಲ್ಲ, ಇಂಧನ ಮಾತ್ರ ಉಳಿಯುತ್ತದೆ. ಪ್ರೆಷರ್ ಕುಕ್ಕರ್ ಈ 100 ಡಿಗ್ರಿಯ ಮಿತಿಯನ್ನೇ ಮುರಿಯುತ್ತದೆ. ಒತ್ತಡ ಹೆಚ್ಚಿದಾಗ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಅಡುಗೆ ಬೇಗ ಆಗುತ್ತದೆ. ಆದರೆ ಕುಕ್ಕರ್ ಪದೇ ಪದೇ ಕೂಗುತ್ತಿದೆ ಎಂದರೆ ದುಡ್ಡು ಕೊಟ್ಟು ಮಾಡಿದ ಆವಿ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಮೊದಲ ಕೂಗಿನ ನಂತರ ಉರಿ ತಗ್ಗಿಸಿ ಒತ್ತಡ ಉಳಿಸಿಕೊಂಡರೆ ಸಾಕು.

ಬಟ್ಟೆ ಒಗೆಯುವ ಯಂತ್ರದಲ್ಲೂ ಬಿಸಿನೀರಿನ ಆಯ್ಕೆ ಒತ್ತಿದರೆ ವಿದ್ಯುತ್ತಿನ ಬಹುಪಾಲು ನೀರು ಕಾಯಿಸುವುದಕ್ಕೇ ಹೋಗುತ್ತದೆ, ಮೋಟಾರ್ ತಿರುಗಿಸಲು ಬೇಕಾದದ್ದು ಸ್ವಲ್ಪ. ದಿನನಿತ್ಯದ ಬಟ್ಟೆಗೆ ತಣ್ಣೀರು ಸಾಕಾಗುತ್ತದೆ.

ಇನ್ನು ತಂಪು. ಹೊರಗೆ 38 ಡಿಗ್ರಿ ಇರುವಾಗ ಕೋಣೆಯನ್ನು 20ಕ್ಕೆ ಇಟ್ಟರೆ ಒಳಗೂ ಹೊರಗೂ 18 ಡಿಗ್ರಿ ಅಂತರ, 26ಕ್ಕೆ ಇಟ್ಟರೆ 12. ಗೋಡೆ, ಕಿಟಕಿಗಳ ಮೂಲಕ ನುಗ್ಗುವ ಶಾಖ ಈ ಅಂತರಕ್ಕೆ ತಕ್ಕಂತೆ ಇರುವುದರಿಂದ ಅದು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಎಸಿ ಹೊರಹಾಕಬೇಕಾದ ಶಾಖವೂ ಅಷ್ಟರಮಟ್ಟಿಗೆ ಕಡಿಮೆ. ಜೊತೆಗೆ ಫ್ಯಾನ್ ಹಾಕಿದರೆ 26 ಕೂಡ ಹಿತವೆನಿಸುತ್ತದೆ, ಏಕೆಂದರೆ ಫ್ಯಾನ್ ಮೈಮೇಲಿನ ಬೆವರನ್ನು ಆರಿಸುತ್ತದೆ. ಕೋಣೆಯನ್ನು ಅದು ತಂಪು ಮಾಡುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗಿ ಪ್ರಯೋಜನವಿಲ್ಲ.

ಬಲ್ಬಿಗೂ ನ್ಯಾಯ ಸಲ್ಲಿಸಬೇಕಲ್ಲ: ಮನೆಯಲ್ಲಿ ಇನ್ನೂ 60 ವಾಟ್‌ನ ಹಳೆಯ ತಂತಿ ಬಲ್ಬ್ ಇದ್ದರೆ ಗದರುವುದರಲ್ಲಿ ಅರ್ಥವಿದೆ. ಅದನ್ನು 9 ವಾಟ್‌ನ ಎಲ್‌ಇಡಿಗೆ ಬದಲಾಯಿಸಿದರೆ ದಿನಕ್ಕೆ ಐದು ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ.

ರಾತ್ರಿ ಮೀಟರ್ ನೋಡುವುದು

ಎಲ್ಲರೂ ಮಲಗಿದ ಮೇಲೂ ಮನೆ ಎಷ್ಟು ವಿದ್ಯುತ್ ಬಳಸುತ್ತಿದೆ? ಮಲಗುವ ಮುನ್ನ ಮೀಟರ್ ಅಂಕಿ ಬರೆದುಕೊಳ್ಳಿ, ಎದ್ದ ಕೂಡಲೇ ಮತ್ತೆ ನೋಡಿ. ಎಂಟು ಗಂಟೆಯಲ್ಲಿ 1.2 ಯೂನಿಟ್ ಓಡಿದ್ದರೆ ಮನೆಯ ಮೂಲ ಹೊರೆ, ಅಂದರೆ ಯಾರೂ ಏನೂ ಬಳಸದಿದ್ದಾಗಲೂ ಹರಿಯುವ ವಿದ್ಯುತ್, 150 ವಾಟ್. ಅದು ಹಗಲೂ ರಾತ್ರಿ ಹಾಗೆಯೇ ನಡೆದರೆ ವರ್ಷಕ್ಕೆ 1,300 ಯೂನಿಟ್ ದಾಟುತ್ತದೆ. ಫ್ರಿಜ್, ಫ್ಯಾನ್‌ಗಳ ಪಾಲು ಕಳೆದು ಉಳಿದದ್ದು ಸ್ಟ್ಯಾಂಡ್‌ಬೈನಲ್ಲಿ, ಅಂದರೆ ಆರಿಸಿದಂತೆ ಕಂಡರೂ ವಿದ್ಯುತ್ ಎಳೆಯುತ್ತಾ ಕೂತ ಟಿವಿ ಪೆಟ್ಟಿಗೆ, ಸ್ಪೀಕರ್, ಪ್ರಿಂಟರ್‌ಗಳದ್ದು. ಸದಾ ಹರಿಯುವ ಒಂದೇ ಒಂದು ವಾಟ್ ಕೂಡ ವರ್ಷಕ್ಕೆ 8.76 ಯೂನಿಟ್. ಹತ್ತು ವಾಟ್ ಹೀರುವ ಪೆಟ್ಟಿಗೆ ಒಂದಿದ್ದರೆ 88.

ನೀರಿನ ಮೀಟರ್ ಇದ್ದವರು ಇದೇ ಪರೀಕ್ಷೆಯನ್ನು ಎರಡು ಗಂಟೆ ಎಲ್ಲ ನಲ್ಲಿ ಮುಚ್ಚಿ ಮಾಡಬಹುದು. ಅಂಕಿ ಕದಲಿದರೆ ಎಲ್ಲೋ ಸೋರಿಕೆ ಇದೆ. ಹನಿಗೆ ಕಾಲು ಮಿಲಿಲೀಟರ್ ಹಿಡಿದು, ಸೆಕೆಂಡಿಗೊಂದು ಹನಿ ಬೀಳುವ ನಲ್ಲಿಯ ಲೆಕ್ಕ ಹಾಕಿದರೆ ದಿನಕ್ಕೆ 21 ಲೀಟರಿಗೂ ಹೆಚ್ಚು. ಬಿಸಿನೀರಿನ ನಲ್ಲಿ ಸೋರುತ್ತಿದ್ದರೆ ಮೇಲೆ ಹೇಳಿದ ಶಾಖದ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಹಳೆಯ ಯಂತ್ರ ತೆಗೆದು ಹೊಸದು ಕೊಳ್ಳಬೇಕೇ ಎಂಬ ಪ್ರಶ್ನೆಗೂ ಭಾಗಾಕಾರವೇ ಉತ್ತರ. ಹೊಸದು ವರ್ಷಕ್ಕೆ ಎಷ್ಟು ಯೂನಿಟ್ ಉಳಿಸುತ್ತದೆಯೋ ಅದನ್ನು ಯೂನಿಟ್ ದರದಿಂದ ಗುಣಿಸಿ. ಬಂದ ಮೊತ್ತದಿಂದ ಹೊಸದರ ಬೆಲೆಯನ್ನು ಭಾಗಿಸಿದರೆ ಹಾಕಿದ ಹಣ ಎಷ್ಟು ವರ್ಷಕ್ಕೆ ಮರಳುತ್ತದೆ ಎಂದು ತಿಳಿಯುತ್ತದೆ. ಎಲ್‌ಇಡಿಯಲ್ಲಿ ಅದು ತಿಂಗಳುಗಳ ಮಾತು. ಚೆನ್ನಾಗಿ ಓಡುತ್ತಿರುವ ಫ್ರಿಜ್ ವಿಷಯದಲ್ಲಿ ಅಷ್ಟು ಬೇಗ ಮರಳುವುದು ಅಪರೂಪ.

ಅಂಗಡಿಯ ಗಣಿತ

ಪೊಟ್ಟಣದ ಮೇಲೆ ದೊಡ್ಡದಾಗಿ ಬೆಲೆ ಇರುತ್ತದೆ, ಮೂಲೆಯಲ್ಲೆಲ್ಲೋ ತೂಕ. ಬೆಲೆ ಏರಿಸಿದರೆ ಗಿರಾಕಿ ಗಮನಿಸುತ್ತಾರೆ, ತೂಕ ಇಳಿಸಿದರೆ ಬಹುತೇಕರು ಗಮನಿಸುವುದಿಲ್ಲ. 100 ಗ್ರಾಂ ಇದ್ದದ್ದು 90 ಆದರೆ ಬೆಲೆ ಶೇ 11 ಏರಿದಂತೆ. ಕಿಲೋ ಪೊಟ್ಟಣ 850 ಗ್ರಾಂ ಆದರೆ ಶೇ 17ಕ್ಕೂ ಹೆಚ್ಚು. 100 ಗ್ರಾಂ ಅಥವಾ ಒಂದು ಲೀಟರಿಗೆ ಎಷ್ಟು ಬೀಳುತ್ತದೆ ಎನ್ನುವುದೊಂದೇ ಹೋಲಿಸಬಹುದಾದ ಬೆಲೆ. ಫೋನಿನ ಕ್ಯಾಲ್ಕುಲೇಟರ್ ಅದಕ್ಕೆ ಸಾಕು.

ಆಫರ್‌ಗಳ ಭಾಷೆಯನ್ನೂ ಬಿಡಿಸಿ ನೋಡಬೇಕು. 'ಶೇ 20 ಹೆಚ್ಚು' ಎಂದರೆ ಶೇ 20 ರಿಯಾಯಿತಿಯಲ್ಲ, ಸುಮಾರು ಶೇ 17. 'ಶೇ 20, ಅದರ ಮೇಲೆ ಶೇ 10' ಎಂದರೆ 30 ಅಲ್ಲ, 28. 'ಎರಡು ಕೊಂಡರೆ ಒಂದು ಉಚಿತ' ಎಂದರೆ ಮೂರನೇ ಒಂದು ಭಾಗ ಕಡಿತ, ಅದೂ ಮೂರೂ ಬಳಕೆಯಾದರೆ ಮಾತ್ರ. ದೊಡ್ಡ ಪೊಟ್ಟಣ ಶೇ 20 ಅಗ್ಗವೆಂದು ತಂದು ಅದರಲ್ಲಿ ಶೇ 20 ಕೆಟ್ಟು ಎಸೆದರೆ ಲಾಭ ಸೊನ್ನೆ. ಇನ್ನೊಂದು ಹಿಡಿ ಹೆಚ್ಚು ಎಸೆದರೆ ನಷ್ಟ.

ಈ ಲೆಕ್ಕಗಳಲ್ಲಿ ಬುದ್ಧಿವಂತರೂ ಎಡವುತ್ತಾರೆ ಎನ್ನುವುದಕ್ಕೆ ಮನೋವಿಜ್ಞಾನಿಗಳಾದ ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. 15 ಡಾಲರಿನ ಕ್ಯಾಲ್ಕುಲೇಟರ್ ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ 5 ಡಾಲರ್ ಅಗ್ಗಕ್ಕೆ ಸಿಗುತ್ತದೆ, ಹೋಗುತ್ತೀರಾ ಎಂದು ಕೇಳಿದಾಗ ಶೇ 68 ಜನ ಹೂಂ ಎಂದರು. ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್ ಎಂದು ಹೇಳಿ ಅದೇ 5 ಡಾಲರ್ ಉಳಿತಾಯದ ಮಾತೆತ್ತಿದಾಗ ಒಪ್ಪಿದವರು ಶೇ 29. ಹೋಗಬೇಕಾದ ದೂರ ಅಷ್ಟೇ, ಉಳಿಯುವ ದುಡ್ಡೂ ಅಷ್ಟೇ. ನಾವು ಮೊತ್ತವನ್ನು ಬಿಟ್ಟು ಶೇಕಡಾವಾರನ್ನು ನೋಡುತ್ತೇವೆ. ತರಕಾರಿಗೆ ಚೌಕಾಸಿ ಮಾಡುವವರೇ ದೊಡ್ಡ ಸಾಮಾನು ಕೊಳ್ಳುವಾಗ 'ಇಷ್ಟು ಕೊಟ್ಟ ಮೇಲೆ ಇದೇನು ಮಹಾ' ಎಂದು ಬೇಡದ ವಾರಂಟಿಯನ್ನೂ ಸೇರಿಸಿಕೊಂಡು ಬರುವುದು ಇದೇ ಕಾರಣಕ್ಕೆ.

ಪಾವತಿಯ ಬಗೆಯೂ ಕೈ ಸಡಿಲ ಮಾಡುತ್ತದೆ. ಸಂಶೋಧಕರಾದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡಬೇಕೆಂದು ಹೇಳಿಸಿಕೊಂಡವರು ನಗದು ಕೊಡಬೇಕಾದವರಿಗಿಂತ ಗಣನೀಯವಾಗಿ ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದರು. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ಸಂಕಟಕ್ಕೂ ಒಂದು ಉಪಯೋಗವಿದೆ ಎಂದಾಯಿತು. ತಿಂಗಳಿಗೊಂದು ಮೊತ್ತವನ್ನು ಬೇರೆ ಖಾತೆಗೆ ಹಾಕಿಟ್ಟು, ಸಣ್ಣಪುಟ್ಟ ಡಿಜಿಟಲ್ ಪಾವತಿಗೆ ಅದೊಂದನ್ನೇ ಬಳಸಿದರೆ ಆ ಸಂಕಟದ ಸ್ವಲ್ಪ ಭಾಗ ವಾಪಸ್ ಬರುತ್ತದೆ.

ಎಸೆದದ್ದರ ಬೆಲೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನ ಗ್ರಾಹಕರಿಗೆ ಲಭ್ಯವಿದ್ದ ಆಹಾರದಲ್ಲಿ ಶೇ 19 ವ್ಯರ್ಥವಾಯಿತು. ಆ ವ್ಯರ್ಥದಲ್ಲಿ ಶೇ 60 ಮನೆಗಳದ್ದು, ಹೋಟೆಲುಗಳದ್ದಲ್ಲ. ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ: ಐದು ಕಿಲೋ ತಂದು ಒಂದು ಕಿಲೋ ಎಸೆದರೆ, ತಿಂದ ನಾಲ್ಕು ಕಿಲೋಗೆ ನೀವು ಶೇ 25 ಹೆಚ್ಚು ಕೊಟ್ಟಿರಿ. ಯಾವ ಹಣದುಬ್ಬರಕ್ಕೂ ಕಡಿಮೆಯಿಲ್ಲದ ಈ ಏರಿಕೆ ನಾವೇ ಮಾಡಿಕೊಂಡದ್ದು.

ಕೆಡುವುದಕ್ಕೆ ಕಾರಣ ಹಲವು ಬಾರಿ ಜೋಡಿಸಿಡುವ ರೀತಿ. ಬಾಳೆ, ಸೇಬು, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ, ಅದು ಪಕ್ಕದ ಸೊಪ್ಪನ್ನೂ ಬೇಗ ಹಳದಿ ಮಾಡುತ್ತದೆ. ಇವನ್ನು ಬೇರೆ ಇಡಬೇಕು. ಆಲೂಗಡ್ಡೆಯನ್ನೂ ಈರುಳ್ಳಿಯನ್ನೂ ಒಂದೇ ಬುಟ್ಟಿಯಲ್ಲಿ ಹಾಕಬಾರದು. ಫ್ರಿಜ್‌ನಲ್ಲಿ ಹಳೆಯದು ಮುಂದೆ, ಹೊಸದು ಹಿಂದೆ. ಹಿಂದಿನ ಸಾಲಿಗೆ ಹೋದ ಡಬ್ಬಿಯ ಗತಿ ಎಲ್ಲರಿಗೂ ಗೊತ್ತು.

ಉಳಿದ ಅಡುಗೆ ಬಿಸಿಯಾಗಿದೆ, ಫ್ರಿಜ್‌ಗೆ ಹೊರೆಯಾಗುತ್ತದೆ ಎಂದು ರಾತ್ರಿಯೆಲ್ಲ ಹೊರಗಿಡುವವರಿದ್ದಾರೆ. ಎರಡು ಕಿಲೋ ಅಡುಗೆಯನ್ನು 60 ಡಿಗ್ರಿಯಿಂದ 5ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಯೂನಿಟ್ಟಿನ ಎಂಟನೇ ಒಂದು ಭಾಗದಷ್ಟು. ಫ್ರಿಜ್ ಅದನ್ನು ಹೊರಗೆ ಸಾಗಿಸಲು ಬಳಸುವ ವಿದ್ಯುತ್ ಇನ್ನೂ ಕಡಿಮೆ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಬೆ ಹೋದ ಮೇಲೆ ಚಿಕ್ಕ ಡಬ್ಬಿಗಳಿಗೆ ಹಂಚಿ ಒಳಗಿಡುವುದೇ ಲೇಸು. ಹೊಟ್ಟೆ ಕೆಟ್ಟರೆ ಆಗುವ ಖರ್ಚಿನ ಮುಂದೆ ಆ ವಿದ್ಯುತ್ ಲೆಕ್ಕಕ್ಕೇ ಇಲ್ಲ.

ಬಡ್ಡಿ, ಕಂತು, ಚಂದಾ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ ಎನ್ನುತ್ತೇನೆ. ತಿಂಗಳಿಗೆ ಶೇ 3 ಬಡ್ಡಿ ಕೇಳಲು ಸಣ್ಣದು. ಕಟ್ಟದೆ ಬಿಟ್ಟರೆ ಅದು ಚಕ್ರಬಡ್ಡಿಯಾಗಿ ವರ್ಷಕ್ಕೆ ಶೇ 36 ಅಲ್ಲ, ಸುಮಾರು ಶೇ 42.6 ಆಗುತ್ತದೆ. 24 ತಿಂಗಳಲ್ಲಿ ಸಾಲ ಎರಡು ಪಟ್ಟು. ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ತೋರಿಸುವುದು ನಿಮ್ಮ ಅನುಕೂಲಕ್ಕೆ ಎಂದುಕೊಳ್ಳಬೇಡಿ. ಅದನ್ನಷ್ಟೇ ಕಟ್ಟುತ್ತಾ ಹೋದರೆ ಕಟ್ಟಿದ್ದರಲ್ಲಿ ಹೆಚ್ಚಿನದು ಬಡ್ಡಿಗೆ ಹೋಗಿ ಅಸಲು ಕದಲುವುದೇ ಕಷ್ಟ. ಇಂಥ ಸಾಲ ಇಟ್ಟುಕೊಂಡು ಇನ್ನೊಂದು ಕಡೆ ಅದರ ಆರನೇ ಒಂದು ಭಾಗದಷ್ಟು ಬಡ್ಡಿಗೆ ಠೇವಣಿ ಇಡುವುದು ಉಳಿತಾಯದಂತೆ ಕಾಣುತ್ತದೆ, ನಿಜಕ್ಕೂ ಅದು ನಷ್ಟ.

ಸಾಲದ ದರ ಹೇಳುವ ರೀತಿಯಲ್ಲೂ ಒಂದು ಮರೆ ಇದೆ. 'ಫ್ಲಾಟ್ ಶೇ 10' ಎಂದು ಒಂದು ವರ್ಷಕ್ಕೆ ಸಾಲ ಕೊಟ್ಟು ಹನ್ನೆರಡು ಕಂತಿನಲ್ಲಿ ವಾಪಸ್ ಪಡೆದರೆ ನಿಜವಾದ ದರ ಶೇ 18ರ ಹತ್ತಿರ. ಕಾರಣ ಸರಳ: ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ, ವರ್ಷದ ಸರಾಸರಿಯಲ್ಲಿ ನಿಮ್ಮ ಕೈಯಲ್ಲಿದ್ದದ್ದು ಅರ್ಧದಷ್ಟು ಸಾಲ, ಬಡ್ಡಿ ಮಾತ್ರ ಪೂರ್ತಿ ಸಾಲದ ಮೇಲೆ. ಬಡ್ಡಿಯಿಲ್ಲದ ಕಂತು ಎಂದು ಕರೆಯುವಲ್ಲಿ 'ಒಟ್ಟಿಗೆ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?' ಎಂದು ಕೇಳಿ ನೋಡಿ. ಕಡಿಮೆ ಬೆಲೆ ಹೇಳಿದರೆ ಆ ವ್ಯತ್ಯಾಸವೇ ಬಡ್ಡಿ.

ಚಂದಾಗಳ ಮಾತು ಹೆಚ್ಚಿಗೆ ಬೇಕಿಲ್ಲ. ತಾನಾಗಿಯೇ ಕಡಿತವಾಗುವ ಪ್ರತಿಯೊಂದನ್ನೂ ಹನ್ನೆರಡರಿಂದ ಗುಣಿಸಿ, ಆ ಮೊತ್ತವನ್ನು ಇಂದು ಒಟ್ಟಿಗೆ ಕೇಳಿದರೆ ಕೊಡುತ್ತಿದ್ದಿರಾ ಎಂದು ಯೋಚಿಸಿ. ವಿಮೆ, ಇಂಟರ್ನೆಟ್‌ನಂಥವನ್ನು ನವೀಕರಿಸುವ ಮುನ್ನ ಹೊಸ ಗ್ರಾಹಕರಿಗೆ ಕೊಡುವ ದರ ಯಾವುದೆಂದು ನೋಡಿ, ಅದನ್ನೇ ಕೇಳಬಹುದು.

ವಾಹನದ ಇಂಧನವೂ ಹೀಗೆ ಕಾಣದೆ ಹೋಗುವ ಖರ್ಚೇ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ ತಕ್ಕಂತೆ ಏರುತ್ತದೆ. 80ರಿಂದ 100 ಕಿಲೋಮೀಟರ್ ವೇಗಕ್ಕೆ ಏರಿಸಿದರೆ ಆ ಪ್ರತಿರೋಧ ಶೇ 56 ಹೆಚ್ಚು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಇಂಧನವೂ ಹೆಚ್ಚು ಬೇಕು, ಟೈರೂ ಬೇಗ ಸವೆಯುತ್ತದೆ.

ಉಳಿದದ್ದು ಎಲ್ಲಿಗೆ ಹೋಗುತ್ತದೆ

ಉಗಿಯಂತ್ರಗಳು ಸುಧಾರಿಸಿ ಕಲ್ಲಿದ್ದಲು ಕಡಿಮೆ ಸಾಕಾದಾಗ ದೇಶದ ಒಟ್ಟು ಕಲ್ಲಿದ್ದಲು ಬಳಕೆ ಇಳಿಯುವ ಬದಲು ಏರುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ವಾದಿಸಿದರು. ಮನೆಯಲ್ಲೂ ಇಂಥದ್ದು ನಡೆಯುತ್ತದೆ. ಎಲ್‌ಇಡಿ ಹಾಕಿದ ಮೇಲೆ ಅಂಗಳದಲ್ಲಿ ರಾತ್ರಿಯಿಡೀ ದೀಪ, ಕಡಿಮೆ ವಿದ್ಯುತ್ ತಿನ್ನುವ ಎಸಿ ಬಂದ ಮೇಲೆ ಅದು ದಿನಕ್ಕೆ ಮೂರು ಗಂಟೆ ಹೆಚ್ಚು ಓಡುತ್ತದೆ. ಬಿಲ್ಲಿನಲ್ಲಿ ಉಳಿದದ್ದು ಅದೇ ಖಾತೆಯಲ್ಲಿ ಕೂತಿದ್ದರೆ ತಿಂಗಳ ಕೊನೆಗೆ ಯಾವುದಕ್ಕೆ ಖರ್ಚಾಯಿತೆಂದು ಯಾರಿಗೂ ಹೇಳಲು ಬರುವುದಿಲ್ಲ.

ಆದ್ದರಿಂದ ಬಿಲ್ ಇಳಿದ ತಿಂಗಳೇ ಹಳೆಯ ಬಿಲ್ಲಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಂಬಳದ ದಿನ ತಾನಾಗಿ ಬೇರೆ ಖಾತೆಗೆ ಹೋಗುವಂತೆ ಮಾಡಬೇಕು. ಮೊದಲು ಅದು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹೋಗಲಿ. ಅದು ತೀರಿದ ಮೇಲೆ ಮೂರು ತಿಂಗಳ ಅಗತ್ಯ ಖರ್ಚಿನಷ್ಟು ಕೂಡುವವರೆಗೆ ಮುಟ್ಟದ ಖಾತೆಗೆ. ಆ ಮೊತ್ತ ಇಲ್ಲದಿದ್ದರೆ ಫ್ರಿಜ್ ಕೆಟ್ಟ ದಿನ ಮತ್ತೆ ಆ ಶೇ 3ರ ಬಡ್ಡಿಯ ಬಾಗಿಲಿಗೇ ಹೋಗಬೇಕಾಗುತ್ತದೆ.